ಕಾಗದದ ಅಂಗಿ: ಕತ್ತರಿಯ ಗುಟ್ಟು ಮನೆಗೆ ಬಂದ ಬಗೆ

ಬೇಸಿಗೆಗೆ ಒಂದು ಹತ್ತಿಯ ಫ್ರಾಕು ಬೇಕಾಗಿದೆ ಎಂದಿಟ್ಟುಕೊಳ್ಳಿ. ಮೇಜಿನ ಮೇಲೆ ಬಟ್ಟೆ ಹಾಸಿದೆ. ಅದರ ಮೇಲೆ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿನ ಕಾಗದದ ತುಂಡುಗಳು. ತುಂಡುಗಳ ಮೇಲೆ ಗೆರೆ, ಬಾಣ, ಚುಕ್ಕೆ, ಪುಟ್ಟ ತ್ರಿಕೋನಗಳು. ಗೆರೆಯಂತೆ ಕತ್ತರಿಸಿ, ಗುರುತಿಗೆ ಗುರುತು ಕೂಡಿಸಿ ಹೊಲಿದರೆ ಉಡುಪು ಸಿದ್ಧ. ಅಮೆರಿಕ, ಇಂಗ್ಲೆಂಡ್, ಜರ್ಮನಿಗಳ ಮನೆಮನೆಗಳಲ್ಲಿ ನಾಲ್ಕೈದು ತಲೆಮಾರಿನ ಹೆಂಗಸರು ತಮ್ಮ ಉಡುಪನ್ನು ತಾವೇ ಹೊಲಿದುಕೊಂಡದ್ದು ಹೀಗೆ. ದರ್ಜಿಯ ಕೈಗೆ ಅಳತೆ ರವಿಕೆ ಕೊಟ್ಟು ಬರುವ ರೂಢಿಯವರಾದ ನಮಗೆ ಈ ಕಾಗದದ ಪರಿಚಯ ಅಷ್ಟಾಗಿ ಇಲ್ಲ. ಹೊಲಿಗೆ ಯಂತ್ರವನ್ನು ಕಂಡುಹಿಡಿದವರ ಹೆಸರು ರಸಪ್ರಶ್ನೆ ಕಾರ್ಯಕ್ರಮಗಳಲ್ಲಿ ಬರುತ್ತದೆ. ಕಾಗದದ ನಮೂನೆಯನ್ನು ಮಾರಿದವರ ಹೆಸರನ್ನು ಯಾರೂ ಕೇಳುವುದಿಲ್ಲ. ನನ್ನ ಲೆಕ್ಕದಲ್ಲಿ ದೊಡ್ಡ ಬದಲಾವಣೆ ತಂದದ್ದು ಈ ಎರಡನೆಯದೇ. ಯಂತ್ರ ಉಳಿಸಿದ್ದು ಸಮಯವನ್ನು. ಕಾಗದ ಕೊಟ್ಟದ್ದು ವಿದ್ಯೆಯನ್ನು.

ಯಾವ ವಿದ್ಯೆ ಎನ್ನುತ್ತೀರಾ? ನಿಮ್ಮೂರಿನ ಯಾವುದಾದರೂ ದೊಡ್ಡ ಟೈಲರಿಂಗ್ ಅಂಗಡಿಗೆ ಹೋಗಿ ನೋಡಿ. ಯಂತ್ರ ತುಳಿಯುವವರು ಮೂರು ನಾಲ್ಕು ಮಂದಿ ಇರುತ್ತಾರೆ. ಕತ್ತರಿ ಹಿಡಿದು ನಿಂತವರು ಒಬ್ಬರೇ; ಅವರೇ ಕಟಿಂಗ್ ಮಾಸ್ಟರ್. ನೇರವಾಗಿ ಹೊಲಿಯುವುದನ್ನು ಕೆಲವೇ ವಾರಗಳಲ್ಲಿ ಕಲಿಯಬಹುದು. ಬಟ್ಟೆಯನ್ನು ಎಲ್ಲಿ, ಯಾವ ಓರೆಯಲ್ಲಿ, ಎಷ್ಟು ಬಿಟ್ಟು ಕತ್ತರಿಸಬೇಕೆಂಬುದು ವರ್ಷಗಳ ಕಸುಬು. ತಪ್ಪು ಹೊಲಿಗೆಯನ್ನು ಬಿಚ್ಚಬಹುದು, ತಪ್ಪು ಕತ್ತರಿಯನ್ನು ಬಿಚ್ಚಲಾಗದು.

ಯುರೋಪಿನ ದರ್ಜಿಗಳು ಈ ವಿದ್ಯೆಯನ್ನು ಜೋಪಾನವಾಗಿ ಕಾಯ್ದುಕೊಂಡಿದ್ದರು. ಇಂಚು ಗುರುತಿನ ಅಳತೆ ಟೇಪು ಬಳಕೆಗೆ ಬಂದದ್ದೇ 1800ರ ಆಚೀಚೆ. ಅದಕ್ಕೆ ಮುಂಚೆ ಗಿರಾಕಿಗೊಂದರಂತೆ ಕಾಗದದ ಅಥವಾ ಚರ್ಮದ ಹಾಳೆಯ ಪಟ್ಟಿ ಇರುತ್ತಿತ್ತು. ಎದೆಸುತ್ತಿಗೆ ಒಂದು ಕಚ್ಚು, ಸೊಂಟಕ್ಕೆ ಒಂದು, ತೋಳಿಗೆ ಒಂದು. ಅಂಕಿ ಸಂಖ್ಯೆ ಏನೂ ಇಲ್ಲ. ಯಾವ ಕಚ್ಚು ಯಾವುದರದೆಂದು ಬಲ್ಲವನು ಆ ದರ್ಜಿ ಮಾತ್ರ. 1580ರಲ್ಲಿ ಮ್ಯಾಡ್ರಿಡ್‌ನಲ್ಲಿ ಹ್ವಾನ್ ದೆ ಆಲ್ಸೆಗಾ ಎಂಬ ದರ್ಜಿ ಒಂದು ಪುಸ್ತಕ ಅಚ್ಚು ಹಾಕಿಸಿದ. ಹೆಸರಿನಲ್ಲಿಯೇ ರೇಖಾಗಣಿತವೆಂಬ ಮಾತಿತ್ತು. ಕೊಟ್ಟ ಬಟ್ಟೆಯ ಮೇಲೆ ತುಂಡುಗಳನ್ನು ಹೇಗೆ ಜೋಡಿಸಿದರೆ ಕಡಿಮೆ ಹಾಳಾಗುತ್ತದೆ ಎಂಬುದನ್ನು ಅದು ಚಿತ್ರ ಸಹಿತ ತೋರಿಸಿತು. ಆದರೆ ಅದು ಬಲ್ಲವರು ಬಲ್ಲವರಿಗಾಗಿ ಬರೆದ ಪುಸ್ತಕ. ಮನೆಯ ಹೆಂಗಸಿಗಾಗಿ ಅಲ್ಲ.

ಹೆಂಗಸರ ಪಾಡನ್ನು ಪ್ಯಾರಿಸ್ಸಿನ ಒಂದು ಸಂಗತಿಯಿಂದ ತಿಳಿಯಬಹುದು. ಅಲ್ಲಿ ಹೆಂಗಸರ ಮೇಲುಡುಪನ್ನು ಕತ್ತರಿಸಿ ಹೊಲಿಯುವ ಕಾನೂನುಬದ್ಧ ಹಕ್ಕು ಬಹುಕಾಲ ಗಂಡಸು ದರ್ಜಿಗಳ ಸಂಘದ್ದೇ ಆಗಿತ್ತು. ಹೊಲಿಯುತ್ತಿದ್ದ ಹೆಂಗಸರು ಕದ್ದುಮುಚ್ಚಿ ಹೊಲಿಯಬೇಕಿತ್ತು. 1675ರಲ್ಲಿ ಹದಿನಾಲ್ಕನೆಯ ಲೂಯಿ ದೊರೆ ಹೊಲಿಗೆಯ ಹೆಂಗಸರಿಗೆ ಅವರದೇ ಸಂಘವನ್ನು ಅನುಮತಿಸಿದ. ಆದರೆ ಪೂರ್ತಿಯಾಗಿ ಅಲ್ಲ. ಮೈಗೆ ಬಿಗಿಯಾಗಿ ಕೂರುವ ಗಟ್ಟಿ ಕುಪ್ಪಸದ ಕೆಲಸ ದರ್ಜಿಗಳ ಬಳಿಯೇ ಉಳಿಯಿತು. ಅಂದರೆ ಕತ್ತರಿಯ ಅತಿ ಕಷ್ಟದ ಭಾಗವನ್ನು ಬಿಟ್ಟುಕೊಡಲಿಲ್ಲ. ಮುಂದೆ 1769ರಲ್ಲಿ ಗಾರ್ಸೋ ಎಂಬಾತ ಫ್ರಾನ್ಸಿನ ವಿಜ್ಞಾನ ಅಕಾಡೆಮಿಯ ಕಸುಬುಗಳ ಮಾಲೆಯಲ್ಲಿ ದರ್ಜಿಯ ಕಲೆಯನ್ನು ವಿವರಿಸಿ ಪುಸ್ತಕ ಬರೆದ. ಗುಟ್ಟು ಮೆಲ್ಲಮೆಲ್ಲನೆ ಹೊರಗೆ ಬರತೊಡಗಿತ್ತು.

ಇಷ್ಟೊಂದು ಕಾವಲು ಏಕೆ ಎಂದು ನೀವು ಕೇಳಬಹುದು. ಉತ್ತರ ರೇಖಾಗಣಿತದಲ್ಲಿದೆ. ವಿಜ್ಞಾನ ಓದಿ ಬಂದ ನನಗೆ ಈ ಕಥೆಯಲ್ಲಿ ಬಹಳ ಹಿಡಿಸಿದ ಭಾಗವೂ ಇದೇ. ಒಂದೆರಡು ಪ್ಯಾರಾ ಸಹಿಸಿಕೊಳ್ಳಿ.

ಬಟ್ಟೆ ಚಪ್ಪಟೆ, ಮೈ ಉಬ್ಬುತಗ್ಗು. ಕಿತ್ತಳೆಯ ಸಿಪ್ಪೆಯನ್ನು ಒತ್ತಿ ನೆಲಕ್ಕೆ ಸಮ ಮಾಡಲು ಹೋದರೆ ಅದು ಹರಿಯುತ್ತದೆ. ಹಿಗ್ಗಿಸದೆ, ಹರಿಯದೆ ಗೋಲದ ಮೇಲ್ಮೈಯನ್ನು ಚಪ್ಪಟೆ ಮಾಡಲಾಗದೆಂದು ಗೌಸ್ 1827ರಲ್ಲಿ ಗಣಿತದಿಂದಲೇ ಸಾಧಿಸಿ ತೋರಿಸಿದ. ಭೂಪಟ ಬರೆಯುವವರ ಕಷ್ಟವೂ ದರ್ಜಿಯ ಕಷ್ಟವೂ ಒಂದೇ. ದರ್ಜಿ ಕಂಡುಕೊಂಡ ಉಪಾಯವೆಂದರೆ ಡಾರ್ಟು. ದುಂಡಗಿನ ಕಾಗದದಿಂದ ಹೋಳಿಗೆಯ ಚೂರಿನಂತೆ ಒಂದು ಪಾಲು ತೆಗೆದು ಎರಡೂ ಅಂಚನ್ನು ಕೂಡಿಸಿ. ಕಡಲೆಪುರಿ ಕಟ್ಟುವ ಪೊಟ್ಟಣದಂತೆ ಅದು ಮೊನೆಯಾಗಿ ನಿಲ್ಲುತ್ತದೆ. ರವಿಕೆಯ ಎದೆಭಾಗದಲ್ಲಿ ನೀವು ಕಾಣುವ ಆ ಮೂರು ಮಡಿಕೆ ಹೊಲಿಗೆಗಳು ಮಾಡುವ ಕೆಲಸ ಇದೇ. ಆ ಪಾಲು ಎಷ್ಟು ಅಗಲ, ಅದರ ಮೊನೆ ಎಲ್ಲಿಗೆ ನಿಲ್ಲಬೇಕು ಎಂಬುದರಲ್ಲಿ ಕಾಲಿಂಚು ಹೆಚ್ಚು ಕಡಿಮೆಯಾದರೂ ಸುಕ್ಕು ಬೀಳುತ್ತದೆ.

ಇನ್ನೊಂದು ಉಪಾಯ ಬಟ್ಟೆಯ ಹುಟ್ಟಿನಲ್ಲಿಯೇ ಇದೆ. ಹಾಸಿನ ಎಳೆ, ಹೊಕ್ಕಿನ ಎಳೆ ಇವೆರಡೂ ಉದ್ದಕ್ಕೆ ಹೆಚ್ಚು ಹಿಗ್ಗವು. ಓರೆಯಾಗಿ ಎಳೆದರೆ ಮಾತ್ರ ಚೌಕವಿದ್ದ ಕಣ್ಣುಗಳು ವಜ್ರದಾಕಾರಕ್ಕೆ ತಿರುಗಿ ಬಟ್ಟೆ ಮೈಗೆ ಒಗ್ಗುತ್ತದೆ. ರಷ್ಯಾದ ಪ್ರಸಿದ್ಧ ಗಣಿತಜ್ಞ ಚೆಬಿಶೆವ್ 1878ರ ಆಗಸ್ಟ್‌ನಲ್ಲಿ ಪ್ಯಾರಿಸ್ಸಿನ ಒಂದು ವಿಜ್ಞಾನ ಸಮ್ಮೇಳನದಲ್ಲಿ ಬಟ್ಟೆ ಕತ್ತರಿಸುವುದರ ಬಗ್ಗೆಯೇ ಉಪನ್ಯಾಸ ಕೊಟ್ಟ. ಎಳೆಯ ಉದ್ದ ಬದಲಾಗದು, ಎಳೆಗಳ ನಡುವಣ ಕೋನ ಮಾತ್ರ ಬದಲಾಗುತ್ತದೆ ಎಂದು ಹಿಡಿದು, ಎರಡೇ ತುಂಡು ಬಟ್ಟೆಯಿಂದ ಚೆಂಡಿಗೆ ಹೊದಿಕೆ ಮಾಡುವ ಲೆಕ್ಕ ತೋರಿಸಿದ. ನಮೂನೆಯ ಹಾಳೆಯ ಮೇಲಿನ ಉದ್ದ ಬಾಣ ಇದನ್ನೇ ಹೇಳುವುದು: ಈ ಬಾಣ ಬಟ್ಟೆಯ ಅಂಚಿಗೆ ಸಮಾನಾಂತರವಾಗಿರಲಿ. ಬಟ್ಟೆ ಉಳಿಸಲು ಹೋಗಿ ಬಾಣವನ್ನು ಸ್ವಲ್ಪ ವಾಲಿಸಿದರೆ ಎರಡು ಸಲ ಒಗೆದ ಮೇಲೆ ಫ್ರಾಕಿನ ಒಂದು ಮಗ್ಗುಲು ಜೋಲುತ್ತದೆ.

ಈ ಲೆಕ್ಕವನ್ನೆಲ್ಲ ಕಾಗದದಲ್ಲಿ ಮಾಡಿಟ್ಟು ಮನೆಗೆ ಕಳಿಸಲು ಕಾಲ ಕೂಡಿ ಬಂದದ್ದು ಅಮೆರಿಕದಲ್ಲಿ. ಎಲಾಯಸ್ ಹೋವ್ 1846ರಲ್ಲಿ, ಐಸಾಕ್ ಸಿಂಗರ್ 1851ರಲ್ಲಿ ಹೊಲಿಗೆ ಯಂತ್ರಕ್ಕೆ ಪೇಟೆಂಟ್ ಪಡೆದಿದ್ದರು. 1856ರಿಂದ ಸಿಂಗರ್ ಕಂಪನಿ ಕಂತಿನ ಮೇಲೆ ಯಂತ್ರ ಮಾರತೊಡಗಿತು. ಯಂತ್ರವೇನೋ ಮನೆಗೆ ಬಂತು. ಕತ್ತರಿಸಿ ಕೊಡುವವರು ಬರಲಿಲ್ಲ.

ಮ್ಯಾಸಚೂಸೆಟ್ಸ್ ರಾಜ್ಯದ ಸ್ಟರ್ಲಿಂಗ್ ಎಂಬ ಊರಿನಲ್ಲಿ ಎಬೆನೀಜರ್ ಬಟರಿಕ್ ಎಂಬ ದರ್ಜಿಯಿದ್ದ. ಆತನ ಕಂಪನಿ ಹೇಳಿಕೊಂಡು ಬಂದ ಕಥೆ ಹೀಗೆ: ಹೆಂಡತಿ ಎಲೆನ್ ಮಗುವಿಗೆ ಅಂಗಿ ಹೊಲಿಯಲು ಊಟದ ಮೇಜಿನ ಮೇಲೆ ಚೌಕುಳಿ ಬಟ್ಟೆ ಹರಡಿ, ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತ, ಸಿಗುವ ನಮೂನೆಗಳೆಲ್ಲ ಒಂದೇ ಅಳತೆಯವು, ಮಗುವಿನ ಅಳತೆಯದು ಸಿಕ್ಕಿದ್ದರೆ ಎಷ್ಟು ಚೆನ್ನಾಗಿತ್ತು ಎಂದಳಂತೆ. 1863ರಲ್ಲಿ ಬಟರಿಕ್ ಬೇರೆ ಬೇರೆ ಅಳತೆಗಳಲ್ಲಿ ಕಾಗದದ ನಮೂನೆ ಕತ್ತರಿಸಿ ಮಾರತೊಡಗಿದ. ಮೊದಲು ಗಂಡಸರ ಮತ್ತು ಹುಡುಗರ ಉಡುಪು, 1866ರಲ್ಲಿ ಹೆಂಗಸರದು. ಮೊದಮೊದಲು ದಪ್ಪ ಕಾಗದ. ಮಡಚಿ ಅಂಚೆಯಲ್ಲಿ ಕಳಿಸಲು ಅದು ಒಗ್ಗಲಿಲ್ಲ. ಆಮೇಲೆ ತೆಳು ಟಿಶ್ಯೂ ಕಾಗದ. 1876ರ ಹೊತ್ತಿಗೆ ಆತನಿಗೆ ನೂರು ಶಾಖೆಗಳೂ ಸಾವಿರ ಏಜೆನ್ಸಿಗಳೂ ಇದ್ದವು.

ಇಲ್ಲಿ ಆತ ಮಾಡಿದ ನಿಜವಾದ ಕೆಲಸ ಯಾವುದೆಂಬುದನ್ನು ಗಮನಿಸಬೇಕು. ಒಂದು ಅಳತೆಯಿಂದ ಮುಂದಿನ ಅಳತೆಗೆ ಹೋಗುವಾಗ ಎಲ್ಲ ಗೆರೆಗಳನ್ನೂ ಸಮನಾಗಿ ಹಿಗ್ಗಿಸಿದರೆ ಅಂಗಿ ಕೂರುವುದಿಲ್ಲ. ಎದೆಸುತ್ತು ಎರಡಿಂಚು ಹೆಚ್ಚಿದ ಮಾತ್ರಕ್ಕೆ ಕುತ್ತಿಗೆ, ಭುಜ ಅದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ. ಎಲ್ಲಿ ಎಷ್ಟು ಹೆಚ್ಚಿಸಬೇಕೆಂಬುದು ಕಟಿಂಗ್ ಮಾಸ್ಟರನ ತಲೆಯಲ್ಲಿದ್ದ ಲೆಕ್ಕ. ಅದು ಈಗ ಪೋಸ್ಟಿನಲ್ಲಿ ಬಂತು.

ಹೆಸರು ಬಟರಿಕ್‌ಗೆ ಬಂದರೂ ದಾರಿ ತೋರಿಸಿದವಳು ಎಲೆನ್ ಡೆಮೊರೆಸ್ಟ್. ಆಕೆಯೂ ಆಕೆಯ ಗಂಡನೂ 1860ರಲ್ಲೇ ನ್ಯೂಯಾರ್ಕಿನಿಂದ ಫ್ಯಾಷನ್ ಪತ್ರಿಕೆಯೊಂದನ್ನು ಹೊರಡಿಸಿ ಅದರೊಳಗೆ ಕಾಗದದ ನಮೂನೆ ಇಟ್ಟು ಕೊಟ್ಟಿದ್ದರು. ಮನೆಗೆಲಸದವಳು ಕಂದು ಕಾಗದದಲ್ಲಿ ಉಡುಪಿನ ಆಕಾರ ಕತ್ತರಿಸುತ್ತಿದ್ದುದನ್ನು ನೋಡಿ ಈ ಉಪಾಯ ಹೊಳೆಯಿತೆಂದು ಹೇಳುತ್ತಾರೆ. ಹಾಗಿದ್ದರೆ ಮೊದಲ ಯಶಸ್ಸು ಹೆಸರೂ ಉಳಿಯದ ಆ ಕೆಲಸದವಳಿಗೆ ಸಲ್ಲಬೇಕು. ಡೆಮೊರೆಸ್ಟ್ ತನ್ನ ಕೆಲಸಕ್ಕೆ ಕಪ್ಪು ಹೆಂಗಸರನ್ನು ಬಿಳಿಯರಿಗೆ ಸಮನಾದ ಷರತ್ತಿನ ಮೇಲೆ ಸೇರಿಸಿಕೊಂಡಿದ್ದಳು. ಆ ಕಾಲಕ್ಕೆ ಅದು ಸಣ್ಣ ಮಾತಲ್ಲ. ಪೇಟೆಂಟ್ ಮಾತ್ರ ಮಾಡಿಸಿಕೊಳ್ಳಲಿಲ್ಲ.

ಹಾಳೆ ಕೈಗೆ ಬಂದ ಮಾತ್ರಕ್ಕೆ ಎಲ್ಲವೂ ಸುಲಭವಾಯಿತೆಂದು ಭಾವಿಸಬೇಡಿ. ಆ ದಿನಗಳ ನಮೂನೆಯಲ್ಲಿ ಅಚ್ಚಾದ ಗೆರೆಯಿಲ್ಲ, ಬರಹವಿಲ್ಲ. ರಾಶಿ ಹಾಳೆಗಳನ್ನು ಒಟ್ಟಿಗೆ ಪೇರಿಸಿ ಕತ್ತರಿಸಿ ರಂಧ್ರ ಹೊಡೆಯುತ್ತಿದ್ದರು. ದುಂಡು ರಂಧ್ರಕ್ಕೆ ಒಂದು ಅರ್ಥ, ಚೌಕಕ್ಕೆ ಇನ್ನೊಂದು. ರಾಶಿಯ ಮೇಲಿನ ಹಾಳೆಗೂ ಅಡಿಯ ಹಾಳೆಗೂ ಅಷ್ಟಿಷ್ಟು ವ್ಯತ್ಯಾಸ ಬರುವುದು ಸಹಜ. ನಿಮ್ಮ ಪಾಲಿಗೆ ಯಾವ ಹಾಳೆ ಬಂತೋ ಅದು ನಿಮ್ಮ ಅದೃಷ್ಟ! 1921ರಲ್ಲಿ ಮೆಕಾಲ್ ಕಂಪನಿ ಗೆರೆ, ಬರಹ ಎಲ್ಲವನ್ನೂ ಹಾಳೆಯ ಮೇಲೆ ಅಚ್ಚು ಮಾಡಿ ಕೊಟ್ಟಿತು. ಹೊಲಿಯುವ ಕ್ರಮವನ್ನು ಚಿತ್ರಗಳಲ್ಲಿ ತಿಳಿಸುವ ಸೂಚನಾ ಹಾಳೆ ಬಟರಿಕ್‌ನಿಂದ 1920ರ ಸುಮಾರಿಗೆ ಬಂದಿತ್ತು. (ಬಟರಿಕ್ ಕಂಪನಿಯ ‘ಡೆಲಿನಿಯೇಟರ್’ ಪತ್ರಿಕೆಗೆ 1907ರಿಂದ 1910ರವರೆಗೆ ಸಂಪಾದಕನಾಗಿದ್ದವನು ಕಾದಂಬರಿಕಾರ ಥಿಯೊಡೋರ್ ಡ್ರೈಸರ್. ‘ಸಿಸ್ಟರ್ ಕ್ಯಾರಿ’ ಬರೆದವನು ಲಂಗದ ನೆರಿಗೆಯ ಪತ್ರಿಕೆ ನಡೆಸಿದ್ದನೆಂದರೆ ನನಗೆ ಈಗಲೂ ನಗು ಬರುತ್ತದೆ.)

ಕಷ್ಟಕಾಲ ಬಂದಾಗ ಈ ಕಾಗದದ ಬೆಲೆ ತಿಳಿಯಿತು. 1930ರ ದಶಕದ ಮುಗ್ಗಟ್ಟಿನಲ್ಲಿ ಅಮೆರಿಕದ ರೈತರ ಹೆಂಡಂದಿರು ಹಿಟ್ಟಿನ, ಕೋಳಿ ಆಹಾರದ ಹತ್ತಿ ಚೀಲಗಳನ್ನು ಬಿಚ್ಚಿ ಫ್ರಾಕು ಹೊಲಿದರು. ಅದನ್ನು ತಿಳಿದ ಚೀಲದ ಕಂಪನಿಗಳು ಹೂವಿನ ಚಿತ್ತಾರದ ಚೀಲಗಳನ್ನೇ ತಯಾರಿಸಿದವು. ಬ್ರಿಟನ್ನಿನಲ್ಲಿ 1941ರ ಜೂನ್ 1ರಂದು ಬಟ್ಟೆಗೂ ರೇಷನ್ ಬಂತು. ಮೊದಲ ವರ್ಷಕ್ಕೆ ಒಬ್ಬರಿಗೆ 66 ಕೂಪನ್. ಸಿದ್ಧ ಉಣ್ಣೆಯ ಫ್ರಾಕಿಗೆ 11, ಹತ್ತಿಯದಕ್ಕೆ 7. ಹಳೆಯ ಪರದೆಯಿಂದ, ಗಂಡನ ಹಳೆ ಕೋಟಿನಿಂದ ಹೊಸ ಉಡುಪು ತೆಗೆಯಬಲ್ಲವಳೇ ಜಾಣೆ ಎನಿಸಿದ ಕಾಲ ಅದು.

ಇನ್ನು ಅಳತೆಯ ಮಾತಿಗೆ ಬರೋಣ. ಕಾಗದ ನಿಮ್ಮ ಮನೆಗೆ ಬಂತು, ಸರಿ. ಅದು ಯಾರ ಮೈಯ ಅಳತೆ?

ಬಹುಕಾಲ ಇದಕ್ಕೆ ಸರಿಯಾದ ಉತ್ತರವಿರಲಿಲ್ಲ. ಒಂದೊಂದು ಕಂಪನಿಯದು ಒಂದೊಂದು ಅಂದಾಜು. ಕೊನೆಗೆ ಅಮೆರಿಕದ ಕೃಷಿ ಇಲಾಖೆ ಈ ಕೆಲಸಕ್ಕೆ ಕೈಹಾಕಿತು. ಕೃಷಿ ಇಲಾಖೆ ಏಕೆ ಎಂದರೆ ಗೃಹವಿಜ್ಞಾನ ಅದರ ಅಡಿಯಲ್ಲಿತ್ತು. ರೂತ್ ಒಬ್ರಾಯನ್ ಮತ್ತು ವಿಲಿಯಂ ಶೆಲ್ಟನ್ ಮುಂದಾಳುತನದಲ್ಲಿ 1939-40ರಲ್ಲಿ ಹದಿನೈದು ಸಾವಿರಕ್ಕೆ ಸಮೀಪ ಹೆಂಗಸರನ್ನು ಅಳೆದರು. ಒಬ್ಬೊಬ್ಬರಿಂದ 59 ಅಳತೆ. ವರದಿ 1941ರಲ್ಲಿ ಹೊರಬಂತು. ಅಂಕಿಅಂಶದ ದೃಷ್ಟಿಯಿಂದ ಅದು ಶ್ರಮದ, ಎಚ್ಚರದ ಕೆಲಸ. ಆದರೂ ಅದರಲ್ಲಿ ಒಂದು ದೊಡ್ಡ ತೂತಿತ್ತು. ಬಿಳಿಯರಲ್ಲದ ಹೆಂಗಸರು ಅಳತೆಗೆ ಬಂದರೆ ಬೇಡವೆನ್ನದೆ ಅಳೆದುಕೊಂಡು, ಆಮೇಲೆ ಅವರ ಅಂಕಿಗಳನ್ನು ಲೆಕ್ಕದಿಂದ ಬಿಟ್ಟುಬಿಟ್ಟರು. ಬೇಸರವಾಗದಿರಲೆಂದು ಟೇಪು ಹಿಡಿದದ್ದು; ಉಡುಪು ಮಾತ್ರ ಅವರಿಗಲ್ಲ. ಈ ಅಂಕಿಗಳ ತಳಹದಿಯ ಮೇಲೆ 1958ರಲ್ಲಿ ಸರ್ಕಾರಿ ಮಾನಕ ಬಂತು, 1983ರಲ್ಲಿ ಅದನ್ನು ಹಿಂದಕ್ಕೆ ಪಡೆದರು. ನಮೂನೆ ಕಂಪನಿಗಳು 1960ರ ದಶಕದ ಕೊನೆಯಲ್ಲಿ ಒಮ್ಮೆ ಸೈಜಿನ ಸಂಖ್ಯೆಗಳನ್ನು ತಿದ್ದಿಕೊಂಡವು. ಸಿದ್ಧ ಉಡುಪಿನ ಅಂಗಡಿಗಳೋ ಗಿರಾಕಿಯ ಮನ ಒಲಿಸಲು ಸಂಖ್ಯೆಯನ್ನು ಇಳಿಸುತ್ತಲೇ ಹೋದವು. ಹೀಗಾಗಿ ಅಂಗಡಿಯ ಸೈಜನ್ನು ನಂಬಿ ನಮೂನೆ ಕೊಂಡವರಿಗೆ ಉಸಿರು ಕಟ್ಟುವುದು ಖಂಡಿತ!

ಮೈಯ ಅಳತೆಗೆ ಅಷ್ಟಾಗಿ ತಲೆಕೆಡಿಸಿಕೊಳ್ಳದ ಬೇಸಿಗೆ ಫ್ರಾಕು ಒಂದು 1952ರಲ್ಲಿ ಬಂತು. ಬಟರಿಕ್‌ನ 6015ನೇ ನಮೂನೆ. ಬೆಳಗಿನ ತಿಂಡಿ ಮುಗಿಸಿ ಹೊಲಿಯಲು ಕೂತರೆ ಮಧ್ಯಾಹ್ನದ ಊಟಕ್ಕೆ ತೊಟ್ಟು ಹೋಗಬಹುದು ಎಂಬುದು ಅದರ ಜಾಹೀರಾತಿನ ಸಾರಾಂಶ, ಹೆಸರೂ ‘ವಾಕ್‌ಅವೇ’. ಮುಖ್ಯ ತುಂಡು ಮೂರೇ. ತಲೆಯ ಮೇಲಿಂದ ತೊಟ್ಟು, ಮುಂಭಾಗವನ್ನು ಬೆನ್ನ ಹಿಂದೆ ಕೂಡಿಸಿ, ಅಗಲವಾದ ಹಿಂಭಾಗದ ಘೇರನ್ನು ಮುಂದಕ್ಕೆ ಸುತ್ತಿ ಸೊಂಟದಲ್ಲಿ ಗುಂಡಿ ಹಾಕುವುದು. ಮಗ್ಗುಲ ಹೊಲಿಗೆಯೇ ಇಲ್ಲ. ಅಂಚಿಗೆಲ್ಲ ಕ್ರಾಸ್ ಪಟ್ಟಿ. ಬೇಡಿಕೆ ವಿಪರೀತವಾಯಿತು. ಅದರ ಚೆಲುವು, ಹೊಲಿಗೆಯ ಬೇಗ ಎರಡನ್ನೂ ಹೊಗಳುವವರಿದ್ದಾರೆ. ನನಗೆ ಕಾಣುವ ಕಾರಣ ಬೇರೆ: ಸುತ್ತಿಕೊಳ್ಳುವ ಉಡುಪು ಎರಡಿಂಚಿನ ಹೆಚ್ಚು ಕಡಿಮೆಯನ್ನು ಕ್ಷಮಿಸುತ್ತದೆ. ಸೀರೆ ಉಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಂಪನಿ ಅದನ್ನು ಹಲವು ದಶಕಗಳ ನಂತರ 4790 ಎಂಬ ಸಂಖ್ಯೆಯಲ್ಲಿ ಮತ್ತೆ ಹೊರತಂದಿತು.

ಜರ್ಮನಿಯಲ್ಲಿ ಎನ್ನೆ ಬುರ್ಡಾ ಯುದ್ಧಾನಂತರ ಪತ್ರಿಕೆ ಆರಂಭಿಸಿ, 1952ರಿಂದ ಅದರೊಳಗೆ ನಮೂನೆಯ ಹಾಳೆ ಸೇರಿಸಿದಳು. ಒಂದೇ ಹಾಳೆಯ ಮೇಲೆ ಹತ್ತಾರು ಉಡುಪುಗಳ ಗೆರೆ ಒಂದರ ಮೇಲೊಂದು. ನೋಡಿದರೆ ರೈಲ್ವೆ ನಕ್ಷೆಯಂತೆ ಕಣ್ಣು ತಿರುಗುತ್ತದೆ. ಬೇಕಾದ ಗೆರೆಯನ್ನು ಹುಡುಕಿ ಬೇರೆ ಕಾಗದಕ್ಕೆ ಇಳಿಸಿಕೊಳ್ಳಬೇಕು. 1987ರಲ್ಲಿ ಈ ಪತ್ರಿಕೆ ರಷ್ಯನ್ ಭಾಷೆಯಲ್ಲಿ ಸೋವಿಯತ್ ಒಕ್ಕೂಟಕ್ಕೂ ಕಾಲಿಟ್ಟಿತು. ಅಂಗಡಿಯಲ್ಲಿ ಒಂದೇ ತರಹದ ಉಡುಪು ಸಿಗುತ್ತಿದ್ದ ನಾಡಿನಲ್ಲಿ ಬೇಕಾದ ಉಡುಪು ಹೊಲಿದುಕೊಳ್ಳುವ ಹಾಳೆ!

ಅಷ್ಟರಲ್ಲಿ ಪಶ್ಚಿಮದಲ್ಲೇ ಹೊಲಿಗೆ ಇಳಿಮುಖವಾಗಿತ್ತು. ಸಿದ್ಧ ಉಡುಪು ಅಗ್ಗವಾಯಿತು, ಹೆಂಗಸರು ಹೊರಗಿನ ದುಡಿಮೆಗೆ ಹೋದರು. ಒಂದಕ್ಕೊಂದು ಪೈಪೋಟಿಯಾಗಿದ್ದ ಬಟರಿಕ್, ಮೆಕಾಲ್, ವೋಗ್, ಸಿಂಪ್ಲಿಸಿಟಿ ನಾಲ್ಕೂ 2017ರ ವೇಳೆಗೆ ಒಂದೇ ಯಜಮಾನಿಕೆಗೆ ಬಂದವು. ಈಗ ನಮೂನೆಯನ್ನು ಕಂಪ್ಯೂಟರಿನಿಂದ ಇಳಿಸಿಕೊಂಡು, ಮನೆಯ ಪ್ರಿಂಟರಿನ ಸಣ್ಣ ಹಾಳೆಗಳಲ್ಲಿ ತೆಗೆದು, ಅಂಟಿಸಿ ದೊಡ್ಡದು ಮಾಡಿಕೊಳ್ಳುವವರೇ ಹೆಚ್ಚು.

ನಮ್ಮ ದೇಶಕ್ಕೆ ಯಂತ್ರ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲೇ ಬಂತು. 1930ರ ದಶಕದಲ್ಲಿ ಕಲ್ಕತ್ತೆಯಿಂದ ಉಷಾ ಯಂತ್ರವೂ ಹೊರಟಿತು. ಕಾಗದದ ನಮೂನೆ ಮಾತ್ರ ವ್ಯಾಪಾರವಾಗಿ ಬೇರೂರಲಿಲ್ಲ. ಸೀರೆಗೆ, ಪಂಚೆಗೆ ಕತ್ತರಿಯೇ ಬೇಡ. ಬೇಕಾದದ್ದಕ್ಕೆ ದರ್ಜಿ ಓಣಿಯ ತುದಿಯಲ್ಲೇ ಇದ್ದ. ಆದರೂ ನಮೂನೆ ಇರಲಿಲ್ಲವೆಂದಲ್ಲ. ಅಳತೆ ರವಿಕೆ ಎನ್ನುತ್ತೇವಲ್ಲ, ಅದು ಬಟ್ಟೆಯಲ್ಲೇ ಬರೆದಿಟ್ಟ ನಮೂನೆ. ಮಹಿಳಾ ಸಮಾಜಗಳ ಹೊಲಿಗೆ ತರಗತಿಗಳಲ್ಲಿ ಹಳೆಯ ದಿನಪತ್ರಿಕೆ ಹರಡಿ ‘ಪೇಪರ್ ಕಟಿಂಗ್’ ಕಲಿತ ಹೆಂಗಸರು ನಮ್ಮ ಊರುಗಳಲ್ಲಿ ಎಷ್ಟೋ ಮಂದಿ. ಮದುವೆಯ ಕಾಲಕ್ಕೆ ಅಕ್ಕನ ಪೇಪರ್ ಕಟಿಂಗ್ ತಂಗಿಗೆ, ತಂಗಿಯಿಂದ ಪಕ್ಕದ ಮನೆಗೆ. ಗಂಡ ತೀರಿಹೋದ ಮೇಲೆ ಆ ಕಾಗದದ ಕಟ್ಟಿನಿಂದಲೇ ಮಕ್ಕಳನ್ನು ಓದಿಸಿದವರನ್ನು ನೀವೂ ಕಂಡಿರುತ್ತೀರಿ. ಕಂಪನಿಯ ಹೆಸರಿಲ್ಲ, ಸಂಖ್ಯೆಯಿಲ್ಲ ಎಂಬ ಕಾರಣಕ್ಕೆ ಇದು ಯಾವ ಚರಿತ್ರೆಯಲ್ಲೂ ದಾಖಲಾಗಿಲ್ಲ. ಅಮೆರಿಕದ ರೋಡ್ ಐಲೆಂಡ್ ವಿಶ್ವವಿದ್ಯಾಲಯದಲ್ಲಿ ಹಳೆಯ ನಮೂನೆಗಳಿಗಾಗಿಯೇ ಒಂದು ಸಂಗ್ರಹಾಲಯವಿದೆ. ನಮ್ಮ ದಿನಪತ್ರಿಕೆಯ ಕಟಿಂಗ್‌ಗಳು ರದ್ದಿಗೆ ಹೋದವು.

ಭಾರತೀಯರ ಮೈಯ ಅಳತೆಯ ಪ್ರಶ್ನೆಯೂ ಉಳಿದೇ ಇತ್ತು. ಬಹುಕಾಲ ನಮ್ಮ ಸಿದ್ಧ ಉಡುಪುಗಳಿಗೆ ಪರದೇಶದ ಸೈಜುಗಳನ್ನೇ ಅಷ್ಟಿಷ್ಟು ತಿದ್ದಿ ಬಳಸಿದರು. 2018ರಲ್ಲಿ ಪ್ರಕಟವಾದ ಯೋಜನೆಯಂತೆ ನಿಫ್ಟ್ ಸಂಸ್ಥೆ ಬೆಂಗಳೂರೂ ಸೇರಿದಂತೆ ಆರು ನಗರಗಳಲ್ಲಿ 25,000ಕ್ಕೂ ಹೆಚ್ಚು ಜನರನ್ನು ತ್ರಿಆಯಾಮ ಸ್ಕ್ಯಾನರಿನಿಂದ ಅಳೆಯುವ ಕೆಲಸ ಕೈಗೆತ್ತಿಕೊಂಡಿತು. ಒಬ್ರಾಯನ್ ಟೇಪು ಹಿಡಿದ ಸುಮಾರು ಎಂಬತ್ತು ವರ್ಷಗಳ ಮೇಲೆ!

ಕೊಂಡ ನಮೂನೆಯಿಂದ ನೀವೇ ಈ ಬೇಸಿಗೆಗೆ ಫ್ರಾಕು ಹೊಲಿದುಕೊಳ್ಳುವುದಾದರೆ ಮೇಲಿನ ಚರಿತ್ರೆಯಿಂದ ಉಪಯೋಗಕ್ಕೆ ಬರುವ ಸಂಗತಿ ಒಂದೆರಡಿವೆ. ಲಕೋಟೆಯ ಮೇಲಿನ ಸೈಜಿನ ಸಂಖ್ಯೆ ಬಿಟ್ಟು ಇಂಚುಗಳನ್ನು ಓದಿ. ಆ ಕಂಪನಿಗಳು ಎದೆಯ ಉಬ್ಬನ್ನು ಒಂದೇ ಮಟ್ಟದ್ದೆಂದು ಹಿಡಿದು ಕತ್ತರಿಸಿವೆ. ಅದಕ್ಕೇ ಉಬ್ಬಿನ ಮೇಲಲ್ಲದೆ ಕಂಕುಳಿನ ಕೆಳಗೆ, ಉಬ್ಬಿಗಿಂತ ಮೇಲೆ ಒಂದು ಸುತ್ತು ಅಳತೆ ತೆಗೆದುಕೊಳ್ಳಿ. ಎರಡಕ್ಕೂ ಎರಡಿಂಚಿಗಿಂತ ಬಹಳ ವ್ಯತ್ಯಾಸವಿದ್ದರೆ ಮೇಲಿನ ಅಳತೆಗೆ ತಕ್ಕ ಸೈಜನ್ನು ಆರಿಸಿ, ಎದೆಭಾಗವನ್ನಷ್ಟೇ ಅಗಲಿಸಿಕೊಳ್ಳುವುದು ಮೇಲು. ಇಲ್ಲದಿದ್ದರೆ ಭುಜ ಜಾರುತ್ತದೆ. ಭುಜದಿಂದ ಸೊಂಟಕ್ಕೆ ಬೆನ್ನಿನ ಉದ್ದವನ್ನು ಕಾಗದಕ್ಕೆ ಹೋಲಿಸಿ ನೋಡಿ. ಉದ್ದ ಹೆಚ್ಚಿದ್ದರೆ ಅಂಚಿನಲ್ಲಿ ಕತ್ತರಿಸಬೇಡಿ, ನಡುವೆ ಮಡಿಸಿ ಗುಂಡುಸೂಜಿ ಚುಚ್ಚಿ. ಹತ್ತಿ ಬಟ್ಟೆಯನ್ನು ಮೊದಲೇ ಒಮ್ಮೆ ನೆನೆಸಿ ಒಣಗಿಸಿಕೊಳ್ಳಿ. ಮೊದಲು ಹಳೆಯ ಬೆಡ್‌ಶೀಟಿನಲ್ಲಿ ಎದೆಭಾಗವನ್ನಷ್ಟೇ ದೊಡ್ಡ ಟಾಕೆ ಹಾಕಿ ತೊಟ್ಟು ನೋಡಿ, ತಿದ್ದುಪಡಿಗಳನ್ನು ಪೆನ್ಸಿಲಿನಲ್ಲಿ ಆ ತೆಳು ಹಾಳೆಯ ಮೇಲೆಯೇ ಬರೆದುಕೊಂಡು, ತಾರೀಖು ಹಾಕಿ ಮಡಿಸಿಡಿ.